ಸೇವ್ ಸ್ಟೇಟ್ ಬೇರೆ, ಮೆಮೊರಿ ಕಾರ್ಡ್ ಬೇರೆ

ಹೋದ ರಜೆಯಲ್ಲಿ ಬೆಂಗೇರಿಯ ಮನೇಲಿ ಕೂತು ಪಿಸಿಎಸ್‌ಎಕ್ಸ್2 ಎಮ್ಯುಲೇಟರ್‌ನಲ್ಲಿ ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಡ್ತಿದ್ದೆ. ಎಫ್1 ಒತ್ತಿದ್ರೆ ಸ್ಟೇಟ್ ಸೇವ್, ಎಫ್3 ಒತ್ತಿದ್ರೆ ಲೋಡ್. ಎಷ್ಟು ಆರಾಮ! ಗೇಮ್ ಒಳಗಿನ ಸೇವ್ ಕಡೆ ನಾನು ಹೋಗಲೇ ಇಲ್ಲ. ಆಮೇಲೆ ಹೊಸ ಲ್ಯಾಪ್‌ಟಾಪ್‌ಗೆ ಎಮ್ಯುಲೇಟರ್‌ನ ಹೊಸ ಆವೃತ್ತಿ ಹಾಕಿ, ಹಳೇ ಸ್ಟೇಟ್ ಫೈಲ್ ಕಾಪಿ ಮಾಡಿದೆ. ಓಪನ್ ಆಗಲಿಲ್ಲ. ನಲವತ್ತು ತಾಸಿನ ಆಟ ನೀರಾಗ ಹೋಮ ಮಾಡಿದಂಗಾತು.

ಮಜಾ ಏನಂದ್ರೆ, ನಮ್ಮಣ್ಣ ಆರು ವರ್ಷದ ಹಿಂದೆ ಇಟ್ಟಿದ್ದ ಮೆಮೊರಿ ಕಾರ್ಡ್ ಫೈಲ್ ಅದೇ ಹೊಸ ಆವೃತ್ತಿಯಲ್ಲಿ ಸಲೀಸಾಗಿ ಓಪನ್ ಆತು. ಯಾಕೆ?

2000ದಲ್ಲಿ ಬಂದ ಪ್ಲೇಸ್ಟೇಷನ್ 2ರಲ್ಲಿ ಆಟ ಉಳಿಸೋಕೆ 8 ಎಂಬಿಯ ಮೆಮೊರಿ ಕಾರ್ಡ್ ಚುಚ್ಚಬೇಕಿತ್ತು. ಎಮ್ಯುಲೇಟರ್ ಆ ಕಾರ್ಡನ್ನೇ ಒಂದು ಫೈಲ್ ಆಗಿ ಇಡುತ್ತದೆ. ಅದರೊಳಗಿನ ರಚನೆ ಕನ್ಸೋಲ್‌ನದ್ದೇ. ಹಾಗಾಗಿ ಎಮ್ಯುಲೇಟರ್ ಬದಲಾದರೂ ಕಾರ್ಡ್ ಓದೋಕೆ ಬರುತ್ತದೆ. ಸೇವ್ ಸ್ಟೇಟ್ ಹಾಗಲ್ಲ. ಅದು ಆ ಕ್ಷಣದ 32 ಎಂಬಿ ರ್‍ಯಾಮ್, ಪ್ರೊಸೆಸರ್ ಸ್ಥಿತಿ ಎಲ್ಲದರ ಫೋಟೋ ಇದ್ದಂಗೆ. ಎಮ್ಯುಲೇಟರ್‌ನ ಕೋಡ್ ಬದಲಾದ್ರೆ ಆ ಫೋಟೋ ಕೆಲಸಕ್ಕೆ ಬಾರದೇ ಹೋಗಬಹುದು.

ಇನ್ನೊಂದು ಅಪಾಯ ಐತಿ. ಹಳೇ ಸ್ಟೇಟ್ ಲೋಡ್ ಮಾಡಿದಾಗ ಗೇಮ್‌ನ ನೆನಪಿನಲ್ಲಿ ಕಾರ್ಡಿನ ಹಳೇ ಪಟ್ಟಿ ಇರುತ್ತದೆ, ಕಾರ್ಡಿನಲ್ಲಿ ಮಾತ್ರ ಹೊಸದು. ಆಗಲೇ ಸೇವ್ ಮಾಡಿದ್ರೆ ಕಾರ್ಡ್ ಕೆಡಬಹುದು. ಅದಕ್ಕೇ ಎಮ್ಯುಲೇಟರ್ ಕಾರ್ಡನ್ನು ಸ್ವಲ್ಪ ಹೊತ್ತು ಹೊರತೆಗೆದಂತೆ ಮಾಡಿ, ಗೇಮ್ ಮತ್ತೆ ಓದೋ ಹಾಗೆ ಮಾಡುತ್ತದೆ. "ಕಾರ್ಡ್ ಇಲ್ಲ" ಅಂತ ಬಂದ್ರೆ ಗಾಬರಿ ಆಗಬೇಡಿ, ಸ್ವಲ್ಪ ತಡೀರಿ.

ಇಷ್ಟು ಮಾಡಿ:

1. ದಿನದ ಆಟ ಮುಗಿಸೋ ಮುಂಚೆ ಗೇಮ್ ಒಳಗೇ ಸೇವ್ ಮಾಡಿ. ಸ್ಯಾನ್ ಆಂಡ್ರಿಯಾಸ್‌ನಲ್ಲಾದರೆ ಸಿಜೆಯ ಮನೆಗೆ ಹೋಗಿ. ಕಷ್ಟದ ಮಿಷನ್ ನಡುವೆ ಸ್ಟೇಟ್ ಬಳಸಿ, ತಪ್ಪಿಲ್ಲ.

2. ಎಮ್ಯುಲೇಟರ್ ಪೂರ್ತಿ ಕ್ಲೋಸ್ ಮಾಡಿ, ಆಮೇಲೆ ಮೆಮ್‌ಕಾರ್ಡ್ಸ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಆಟ ನಡೀತಿರುವಾಗ ಬೇಡ.

3. 8 ಎಂಬಿ ತುಂಬಿದ್ರೆ ಸೇವ್ ಅಳಿಸಬೇಡಿ. ಸೆಟ್ಟಿಂಗ್ಸ್‌ನಲ್ಲಿ ಹೊಸ ಕಾರ್ಡ್ ಮಾಡಿ. ಇಲ್ಲವೇ ಫೋಲ್ಡರ್ ಮಾದರಿಯ ಕಾರ್ಡ್ ಆರಿಸಿ. ಅದರಲ್ಲಿ ಸೇವ್‌ಗಳೆಲ್ಲ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಇರುತ್ತವೆ. ಓಡ್ತಿರೋ ಗೇಮ್‌ಗೆ ಅದರ ಸೇವ್ ಮಾತ್ರ ಕಾಣುತ್ತದೆ.

4. ಕಾಪಿ ಮಾಡಿದ ಕಾರ್ಡಿನಿಂದ ಒಮ್ಮೆ ಆಟ ಲೋಡ್ ಮಾಡಿ ನೋಡಿ. ನೋಡದ ಬ್ಯಾಕಪ್ ನಂಬಬೇಡಿ.

ನಾನು ಈಗ ಮೊದಲಿಂದ ಆಡ್ತಿದ್ದೀನಿ. ಅಣ್ಣನ ಸೇವ್‌ನಿಂದ ಮುಂದುವರಿಸಬಹುದಿತ್ತು, ಆದ್ರೆ ಅದು ಅವನ ಆಟ. ಅದರ ಎರಡು ಕಾಪಿ ತೆಗೆದಿಟ್ಟೀನಿ.