ಮೂರು ವರ್ಷದ ಯಂತ್ರ, ಎಂಟು ವರ್ಷದ ಲೆಕ್ಕ
ಹಳೆಯ ಗಣಕಯಂತ್ರದ ಹಾರ್ಡ್ ಡಿಸ್ಕ್ ಸವೆತ ಮತ್ತು ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಕುರಿತು

ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಚ್ ತಿಂಗಳ ಕೊನೆಯ ವಾರ. ತಿ. ನರಸೀಪುರ ತಾಲ್ಲೂಕಿನ ಅಕ್ಕಿ ಗಿರಣಿಯೊಂದರ ಮಾಲೀಕರು ಬೆಳಿಗ್ಗೆಯೇ ದೂರವಾಣಿ ಮಾಡಿ, "ಸಾರ್, ಕಂಪ್ಯೂಟರ್ ಒಳಗಿಂದ ಟಕ್ ಟಕ್ ಅಂತ ಸದ್ದು ಬರ್ತಾ ಇದೆ, ಟ್ಯಾಲಿ ತೆರೀತಾ ಇಲ್ಲ" ಎಂದರು. ಗಿರಣಿಯ ಕಚೇರಿಯಲ್ಲಿದ್ದುದು ಹತ್ತು ವರ್ಷ ಹಳೆಯ ಒಂದೇ ಗಣಕಯಂತ್ರ. ಸಂಜೆಯ ಹೊತ್ತಿಗೆ ಅದರ ಹಾರ್ಡ್ ಡಿಸ್ಕ್ ಪೂರ್ಣವಾಗಿ ಸ್ತಬ್ಧವಾಯಿತು. ಪೆನ್ ಡ್ರೈವ್‌ನಲ್ಲಿ ತೆಗೆದಿಟ್ಟಿದ್ದ ಪ್ರತಿ ಡಿಸೆಂಬರ್ ತಿಂಗಳದ್ದು.

ಮಾರಾಟದ ವಿವರಗಳನ್ನು ಸಲ್ಲಿಸಿದ್ದ ಜಿಎಸ್‌ಟಿ ರಿಟರ್ನ್‌ಗಳಿಂದ ಮರಳಿ ಪಡೆದೆವು. ಗೋಣಿಚೀಲ, ಬಿಡಿಭಾಗಗಳ ಖರೀದಿಯೂ ಪೋರ್ಟಲ್‌ನಲ್ಲಿ ಸಿಕ್ಕಿತು. ಆದರೆ ಗಿರಣಿಯ ಜೀವಾಳವೇ ಆದ ಭತ್ತದ ಖರೀದಿ ಅಲ್ಲಿ ಇರಲಿಲ್ಲ. ರೈತರಿಂದ ನೇರವಾಗಿ ಕೊಂಡ ಭತ್ತಕ್ಕೆ ಎದುರಿನವರ ಜಿಎಸ್‌ಟಿ ಬಿಲ್ ಎಲ್ಲಿಂದ ಬರಬೇಕು? ಸುಗ್ಗಿಯ ಮೂರು ತಿಂಗಳ ಖರೀದಿ, ಹಮಾಲಿ, ನಗದು ಪಾವತಿ, ದಾಸ್ತಾನು ಎಲ್ಲವನ್ನೂ ತೂಕದ ಚೀಟಿ ಮತ್ತು ಕೈಬರಹದ ಪುಸ್ತಕಗಳಿಂದ ಮತ್ತೆ ಕಟ್ಟಬೇಕಾಯಿತು. ಇಬ್ಬರು ಗುಮಾಸ್ತರು ಏಪ್ರಿಲ್ ತಿಂಗಳ ಬಹುಪಾಲನ್ನು ಅದಕ್ಕೇ ಕಳೆದರು. ಆದರೂ ಕೆಲವು ಚೀಟಿಗಳು ಸಿಗಲೇ ಇಲ್ಲ.

ಅನಂತರ ಆ ಯಂತ್ರವನ್ನು ಪರಿಶೀಲಿಸಿದಾಗ ಒಂದು ಸಂಗತಿ ತಿಳಿಯಿತು. ಐದು ನಿಮಿಷ ಕೆಲಸವಿಲ್ಲದಿದ್ದರೆ ಹಾರ್ಡ್ ಡಿಸ್ಕ್ ತಾನಾಗಿಯೇ ನಿಲ್ಲುವಂತೆ, ವಿದ್ಯುತ್ ಉಳಿಯಲೆಂಬ ಸದುದ್ದೇಶದಿಂದ, ಯಾರೋ ಅದನ್ನು ಹೊಂದಿಸಿದ್ದರು. ಡಿಸ್ಕ್ ಕೆಡಲು ಅದೊಂದೇ ಕಾರಣ ಎಂದು ಹೇಳುವುದು ಸರಿಯಾಗದು. ವಯಸ್ಸು, ಧೂಳು, ವಿದ್ಯುತ್ತಿನ ಏರಿಳಿತ ಎಲ್ಲವೂ ಸೇರಿರುತ್ತವೆ. ಆದರೆ ಆ ಸೆಟ್ಟಿಂಗ್‌ನಿಂದ ಉಳಿದದ್ದೆಷ್ಟು, ಅದು ಒಡ್ಡಿದ ಅಪಾಯವೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡುವುದು ನಮ್ಮ ಕೆಲಸ.

ಡಿಸ್ಕ್ ಸವೆಯುವುದು ಹೇಗೆ?

ಹಾರ್ಡ್ ಡಿಸ್ಕ್ ಒಂದು ಯಂತ್ರವೇ. ಅದರೊಳಗಿನ ಬಿಲ್ಲೆಗಳು ಮೇಜಿನ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು, ಲ್ಯಾಪ್‌ಟಾಪ್‌ಗಳಲ್ಲಿ 5,400 ಸುತ್ತು ತಿರುಗುತ್ತವೆ. ಬಿಲ್ಲೆಯ ಮೇಲೆ, ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ, ಓದು-ಬರಹದ ಹೆಡ್ ತೇಲುತ್ತಿರುತ್ತದೆ. ತಿರುಗುವ ಬಿಲ್ಲೆಯೊಡನೆ ಸುತ್ತುವ ಗಾಳಿಯೇ ಅದನ್ನು ಎತ್ತಿ ಹಿಡಿಯುವುದು. ಬಿಲ್ಲೆ ನಿಂತಿತೆಂದರೆ ಹೆಡ್ ಎಲ್ಲಾದರೂ ಕೂರಲೇಬೇಕು. ಹಳೆಯ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ ಬಿಲ್ಲೆಯ ಒಳ ಅಂಚಿನಲ್ಲಿ ಮೀಸಲಿಟ್ಟ ಜಾಗದ ಮೇಲೆಯೇ ಇಳಿಯುತ್ತಿತ್ತು. ಮತ್ತೆ ಚಾಲೂ ಆದಾಗ ಅಲ್ಲಿಂದ ಉಜ್ಜಿಕೊಂಡೇ ಏಳುತ್ತಿತ್ತು. ಈಚಿನ ಮಾದರಿಗಳಲ್ಲಿ ಬಿಲ್ಲೆಯ ಹೊರಗಿನ ಪುಟ್ಟ ಇಳಿಜಾರಿನ ಮೇಲೆ ಹೆಡ್ ವಿಶ್ರಮಿಸುತ್ತದೆ. ಇದರಲ್ಲಿ ಸವೆತ ಕಡಿಮೆ, ಆದರೆ ಇಲ್ಲವೆಂದಲ್ಲ.

ನಿಂತ ಬಿಲ್ಲೆಯನ್ನು ಪೂರ್ಣ ವೇಗಕ್ಕೆ ತರುವಾಗ ಮೋಟಾರು ಅತಿ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಹತ್ತು ವರ್ಷ ಹಳೆಯ ಪವರ್ ಸಪ್ಲೈಗೆ ಅದೇ ಹೆಚ್ಚಿನ ಹೊರೆ. ಗಿರಣಿಯ ಮೋಟಾರನ್ನು ಐದೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ಚಾಲೂ ಮಾಡುವ ಮಾಲೀಕರು ನಮ್ಮಲ್ಲಿ ಯಾರೂ ಇಲ್ಲ. ಕಚೇರಿಯ ಡಿಸ್ಕ್‌ಗೆ ಮಾತ್ರ ನಮಗೆ ಅರಿವಿಲ್ಲದೆಯೇ ಅದನ್ನು ಮಾಡುತ್ತಿರುತ್ತೇವೆ.

ಲಾಭ-ನಷ್ಟದ ತಃಖ್ತೆ

ಮೊದಲು ಉಳಿತಾಯದ ಬದಿ. ಮೇಜಿನ ಗಣಕಯಂತ್ರದ ಡಿಸ್ಕ್ ಸುಮ್ಮನೆ ತಿರುಗುತ್ತಿರುವಾಗ ಸುಮಾರು 5ರಿಂದ 8 ವ್ಯಾಟ್ ಬಳಸುತ್ತದೆ. ನಿಂತಾಗ 1 ವ್ಯಾಟ್‌ನಷ್ಟು. ವ್ಯತ್ಯಾಸ 5 ವ್ಯಾಟ್ ಎಂದಿಟ್ಟುಕೊಳ್ಳೋಣ. ದಿನಕ್ಕೆ 4 ಗಂಟೆ ಡಿಸ್ಕ್ ನಿಂತಿತು, ವರ್ಷಕ್ಕೆ 300 ಕೆಲಸದ ದಿನ ಎಂದರೆ ಉಳಿಯುವುದು 6 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 48 ರೂಪಾಯಿ. ಅದೇ 4 ಗಂಟೆ ಮಾನಿಟರ್ ಆರಿದ್ದರೆ, 20 ವ್ಯಾಟ್‌ನ ಲೆಕ್ಕದಲ್ಲಿ, 24 ಯೂನಿಟ್ ಅಂದರೆ 192 ರೂಪಾಯಿ ಉಳಿಯುತ್ತದೆ. ಪರದೆ ಎಷ್ಟು ಬಾರಿ ಆರಿ ಹೊತ್ತಿದರೂ ಒಂದು ಅಕ್ಷರದಷ್ಟು ಲೆಕ್ಕವೂ ಕಳೆಯದು.

ಇನ್ನು ಸವೆತದ ಬದಿ. ಮೇಜಿನ ಗಣಕಯಂತ್ರದ ಡಿಸ್ಕ್‌ಗಳಿಗೆ ತಯಾರಕರು ಸಾಮಾನ್ಯವಾಗಿ ನಮೂದಿಸುತ್ತಿದ್ದ ಮಿತಿ 50,000 ಬಾರಿ ನಿಂತು ಚಾಲೂ ಆಗುವುದು. ವ್ಯಾಪಾರಿಯ ಕೆಲಸದ ಗತಿಯನ್ನು ನೋಡಿ: ಒಂದು ಬಿಲ್, ಅನಂತರ ಗಿರಾಕಿಯೊಡನೆ ಹತ್ತು ನಿಮಿಷದ ಮಾತು, ಮತ್ತೊಂದು ಬಿಲ್. ಐದು ನಿಮಿಷದ ಸೆಟ್ಟಿಂಗ್‌ನಲ್ಲಿ ದಿನಕ್ಕೆ 30 ಬಾರಿ ಡಿಸ್ಕ್ ನಿಂತು ಏಳುವುದು ಅಸಾಧ್ಯವಲ್ಲ. ನಾವು ಮುಟ್ಟದಿದ್ದರೂ ವೈರಸ್ ತಡೆ ತಂತ್ರಾಂಶದಂತಹವು ಅದನ್ನು ಆಗಾಗ ಎಬ್ಬಿಸುತ್ತಿರುತ್ತವೆ. ವರ್ಷಕ್ಕೆ 9,000 ಬಾರಿ ಎಂದಾಯಿತು. ಐದೂವರೆ ವರ್ಷದಲ್ಲಿ ಮಿತಿ ಮುಗಿಯಿತು. ಬೆಳಿಗ್ಗೆ ಒಮ್ಮೆ ಚಾಲೂ ಮಾಡಿ ಸಂಜೆ ಮುಚ್ಚುವ ಪದ್ಧತಿಯಲ್ಲಿ ವರ್ಷಕ್ಕೆ 300 ಮಾತ್ರ.

ಲ್ಯಾಪ್‌ಟಾಪ್‌ನ ಡಿಸ್ಕ್‌ಗಳಲ್ಲಿ ಹೆಡ್ ಇಳಿಸಿ ಏರಿಸುವ ಮಿತಿ 3 ಲಕ್ಷದಿಂದ 6 ಲಕ್ಷದವರೆಗೆ ಇರುತ್ತದೆ. ದೊಡ್ಡ ಸಂಖ್ಯೆ ಎಂದು ನಿಶ್ಚಿಂತರಾಗುವಂತಿಲ್ಲ. ನಿಮಿಷಕ್ಕೊಮ್ಮೆ ಹೆಡ್ ಇಳಿದರೆ ದಿನಕ್ಕೆ 10 ಗಂಟೆಯ ಕೆಲಸದಲ್ಲಿ 600, ವರ್ಷಕ್ಕೆ 1,80,000. ಆರು ಲಕ್ಷ ಮುಗಿಯಲು ನಾಲ್ಕು ವರ್ಷವೂ ಬೇಡ. ಮಿತಿ ದಾಟಿದ ದಿನವೇ ಡಿಸ್ಕ್ ಕೆಡುವುದಿಲ್ಲ, ನಿಜ. ಆದರೆ ವರ್ಷಕ್ಕೆ 48 ರೂಪಾಯಿಗಾಗಿ ಆ ಮಿತಿಯತ್ತ ಓಡುವುದು ಯಾವ ವ್ಯಾಪಾರ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ನಮ್ಮ ಗಾದೆ ಲೆಕ್ಕಪತ್ರಕ್ಕೂ ಸಲ್ಲುತ್ತದೆ.

ಸೆಟ್ಟಿಂಗ್ ಬದಲಿಸುವ ಕ್ರಮ

ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಪವರ್ ಆಪ್ಷನ್ಸ್' ತೆರೆಯಿರಿ. ಬಳಕೆಯಲ್ಲಿರುವ ಯೋಜನೆಯ ಪಕ್ಕದ 'ಚೇಂಜ್ ಪ್ಲ್ಯಾನ್ ಸೆಟ್ಟಿಂಗ್ಸ್', ಅಲ್ಲಿಂದ 'ಚೇಂಜ್ ಅಡ್ವಾನ್ಸ್‌ಡ್ ಪವರ್ ಸೆಟ್ಟಿಂಗ್ಸ್', ಅದರಲ್ಲಿ 'ಹಾರ್ಡ್ ಡಿಸ್ಕ್', ಅದರೊಳಗೆ 'ಟರ್ನ್ ಆಫ್ ಹಾರ್ಡ್ ಡಿಸ್ಕ್ ಆಫ್ಟರ್'. ಅಲ್ಲಿ ಸೊನ್ನೆ ನಮೂದಿಸಿದರೆ 'ನೆವರ್' ಎಂದು ಕಾಣುತ್ತದೆ. ಕೆಲಸದ ವೇಳೆಯಲ್ಲಿ ಡಿಸ್ಕ್ ನಿಲ್ಲದಿರಲು ಇಷ್ಟು ಸಾಕು. ಯಂತ್ರವೇ ನಿದ್ರೆಗೆ ಜಾರುವ 'ಸ್ಲೀಪ್' ಅವಧಿಯನ್ನೂ ಒಂದು ಗಂಟೆಗಿಂತ ಹೆಚ್ಚಿಗೆ ಇಡಿ. ಪರದೆ ಮಾತ್ರ 5 ಅಥವಾ 10 ನಿಮಿಷಕ್ಕೆ ಆರಲಿ.

ಎಲ್ಲೆಡೆ ಇದೇ ನಿಯಮ ಸಲ್ಲದು. ಬ್ಯಾಟರಿಯ ಮೇಲೆ ಓಡಾಡುವ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ನಿಲ್ಲುವುದೇ ಕ್ಷೇಮ. ಅಲುಗಾಟದಲ್ಲಿ ಹೆಡ್ ಬಿಲ್ಲೆಗೆ ತಾಗುವ ಭಯ ಇರುವುದಿಲ್ಲ. ಪ್ರತಿ ತೆಗೆಯುವ ಹೊರಗಿನ ಡಿಸ್ಕ್ ಕೆಲಸ ಮುಗಿದ ಕೂಡಲೇ ಕಳಚಿಡಬೇಕಾದದ್ದು. ಎಸ್‌ಎಸ್‌ಡಿಯಲ್ಲಿ ಮೋಟಾರೂ ಇಲ್ಲ, ಹೆಡ್ಡೂ ಇಲ್ಲ; ಈ ಸೆಟ್ಟಿಂಗ್‌ನಿಂದ ಆಗುವ ಸವೆತವೂ ಇಲ್ಲ. ಆದರೆ ವಿದ್ಯುತ್ ಇಲ್ಲದೆ ಬಹುಕಾಲ ಬೀರುವಿನಲ್ಲಿಟ್ಟರೆ ಎಸ್‌ಎಸ್‌ಡಿ ಮಾಹಿತಿ ಕಳೆದುಕೊಳ್ಳುವ ಸಂಭವವಿರುವುದರಿಂದ, ಹಳೆಯ ವರ್ಷಗಳ ಲೆಕ್ಕವನ್ನು ಅದೊಂದರಲ್ಲೇ ಇಟ್ಟು ಮರೆಯಬಾರದು.

ಡಿಸ್ಕ್‌ನ ಆರೋಗ್ಯ ಪತ್ರ

ಪ್ರತಿ ಡಿಸ್ಕ್ ತನ್ನ ಜಾತಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ 'ಸ್ಮಾರ್ಟ್' ವ್ಯವಸ್ಥೆ ಎನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಓದಬಹುದು. ಅದರಲ್ಲಿ ಗಮನಿಸಬೇಕಾದ ಸಾಲುಗಳು: 04 ನಿಂತು ಚಾಲೂ ಆದ ಸಲ, 09 ಓಡಿದ ಗಂಟೆಗಳು, ಸಿ1 ಹೆಡ್ ಇಳಿದೇರಿದ ಸಲ, 05 ಕೆಟ್ಟು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು, ಸಿ5 ಓದಲಾಗದೆ ಕಾದಿರಿಸಿದ ಸೆಕ್ಟರ್‌ಗಳು. ಸಂಖ್ಯೆಗಳು ಮೊದಲಿಗೆ ಹದಿನಾರರ ಮಾನದಲ್ಲಿ ಕಾಣುವುದರಿಂದ ದಶಮಾನಕ್ಕೆ ಬದಲಿಸಿ ಓದಬೇಕು. ಹೆಡ್ ಪದೇ ಪದೇ ಇಳಿಯುತ್ತಿದ್ದರೆ, ಡಿಸ್ಕ್ ಒಪ್ಪುವುದಾದರೆ, ಅದೇ ತಂತ್ರಾಂಶದ 'ಎಪಿಎಂ' ಹೊಂದಾಣಿಕೆಯಿಂದ ಅದನ್ನು ತಗ್ಗಿಸಬಹುದು.

05 ಅಥವಾ ಸಿ5 ಸಾಲಿನಲ್ಲಿ ಸೊನ್ನೆಗಿಂತ ಹೆಚ್ಚು ಕಂಡು, ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಡಿಸ್ಕ್ ಬದಲಿಸಲು ತಡ ಮಾಡಬೇಡಿ. ಗೂಗಲ್ ಸಂಸ್ಥೆಯ ಎಂಜಿನಿಯರ್‌ಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ 60 ದಿನಗಳೊಳಗೆ ಕೆಡುವ ಸಂಭವ ದೋಷವಿಲ್ಲದವುಗಳಿಗಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನದ ಇನ್ನೊಂದು ಮಾತು ಇದಕ್ಕಿಂತ ಮುಖ್ಯ: ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಮುಖವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟಿದ್ದವು. ಆರೋಗ್ಯ ಪತ್ರ ಚೆನ್ನಾಗಿದೆ ಎಂದು ಪ್ರತಿ ತೆಗೆಯದೆ ಕೂರುವಂತಿಲ್ಲ.

ವಿದ್ಯುತ್ ಮತ್ತು ಧೂಳು

ಹೇಳದೆ ಕೇಳದೆ ವಿದ್ಯುತ್ ಹೋದಾಗ ಡಿಸ್ಕ್‌ನ ಹೆಡ್ ತುರ್ತಾಗಿ ಹಿಂದೆಗೆಯುತ್ತದೆ. ಆಗ ಬರೆಯುತ್ತಿದ್ದ ವೋಚರ್ ಅರ್ಧದಲ್ಲಿ ನಿಲ್ಲುತ್ತದೆ. ಆದ್ದರಿಂದ ಹಳೆಯ ಯಂತ್ರಕ್ಕೆ ಯುಪಿಎಸ್ ಅನಿವಾರ್ಯ. ಬ್ಯಾಟರಿ ಸತ್ತ ಯುಪಿಎಸ್ ಇದ್ದೂ ಇಲ್ಲದಂತೆ. ತಿಂಗಳಿಗೊಮ್ಮೆ, ಟ್ಯಾಲಿ ಮುಚ್ಚಿ, ಗೋಡೆಯ ಸ್ವಿಚ್ ಆರಿಸಿ, ಹತ್ತು ನಿಮಿಷ ನಿಲ್ಲುತ್ತದೆಯೇ ಎಂದು ನೋಡಿ. ಅಕ್ಕಿ ಗಿರಣಿಗಳಲ್ಲಿ ಹೊಟ್ಟು, ತೌಡಿನ ಧೂಳು ಫ್ಯಾನ್‌ಗಳನ್ನು ಕಟ್ಟಿಹಾಕುತ್ತದೆ. ಗಣಕಯಂತ್ರವನ್ನು ನೆಲದಿಂದ ಮೇಲಿಟ್ಟು, ಮೂರು ತಿಂಗಳಿಗೊಮ್ಮೆ ತೆರೆದು ಶುಚಿ ಮಾಡಿಸಬೇಕು. ಡಿಸ್ಕ್‌ನ ಉಷ್ಣತೆ 45 ಡಿಗ್ರಿಯೊಳಗಿದ್ದರೆ ದಿನವಿಡೀ ತಿರುಗಿತೆಂದು ಹೆದರಬೇಕಿಲ್ಲ.

ಕಾನೂನು ಕೇಳುವುದೇನು?

ಕಂಪನಿಗಳ ಕಾಯಿದೆ 2013ರ ಎರಡನೆಯ ಅನುಸೂಚಿಯು ಗಣಕಯಂತ್ರಕ್ಕೆ ನೀಡಿರುವ ಉಪಯುಕ್ತ ಆಯುಸ್ಸು 3 ವರ್ಷ. ಅದೇ ಕಾಯಿದೆಯ 128ನೆಯ ಕಲಮು ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಕಾಪಾಡಬೇಕೆನ್ನುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಗಣಕದಲ್ಲಿಟ್ಟ ಲೆಕ್ಕದ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಯಿತು. ಪಾಲುದಾರಿಕೆ ಸಂಸ್ಥೆ, ಏಕವ್ಯಕ್ತಿ ವ್ಯಾಪಾರಗಳಿಗೆ ಈ ನಿಯಮವಿಲ್ಲವಾದರೂ ಜಿಎಸ್‌ಟಿ ಇದೆ. ಅದರ 36ನೆಯ ಕಲಮಿನಂತೆ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ದಾಖಲೆ ಇರಬೇಕು. ಮೇಲ್ಮನವಿ ಬಾಕಿಯಿದ್ದರೆ ಇನ್ನೂ ಹೆಚ್ಚು. 57ನೆಯ ನಿಯಮವಂತೂ ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ದಾಖಲೆ ನಾಶವಾದರೆ ಮರಳಿ ಪಡೆಯಲು ಆಗುವಂತೆ ವಿದ್ಯುನ್ಮಾನ ಪ್ರತಿ ಇಟ್ಟಿರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ.

ಪ್ರಕೃತಿ ವಿಕೋಪ ನಮಗೆ ದೂರದ ಮಾತಲ್ಲ. ನಂಜನಗೂಡು ಕಪಿಲೆಯ ದಡದಲ್ಲಿದೆ, ತಿ. ನರಸೀಪುರ ಕಾವೇರಿ-ಕಪಿಲೆಯರ ಸಂಗಮದಲ್ಲಿದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮೈಸೂರು-ನಂಜನಗೂಡು ಹೆದ್ದಾರಿಯಲ್ಲೇ ಸಂಚಾರ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಎರಡು ಪ್ರತಿ ಇರಲಿ. ಒಂದು ಕಚೇರಿಯಲ್ಲಿ, ದಿನವೂ ಸಂಜೆ ತೆಗೆದದ್ದು. ಇನ್ನೊಂದು ಬೇರೆ ಕಟ್ಟಡದಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ ಅಥವಾ ಅಂತರ್ಜಾಲದ ಸಂಗ್ರಹದಲ್ಲಿ, ವಾರಕ್ಕೊಮ್ಮೆಯಾದರೂ ತೆಗೆದದ್ದು. ತೆಗೆದ ಪ್ರತಿಯನ್ನು ವರ್ಷಕ್ಕೆರಡು ಬಾರಿ ಇನ್ನೊಂದು ಯಂತ್ರದಲ್ಲಿ ತೆರೆದು, ಅಡಾವೆ ಪತ್ರ ತಾಳೆಯಾಗುವುದೇ ಎಂದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿ ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಂದು ಬದಲಿಸಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹತ್ತು ವರ್ಷದ ಯಂತ್ರಗಳು ಬಹುಪಾಲು ವಿಂಡೋಸ್ 11ರ ಅರ್ಹತೆ ಪಡೆಯವು. ಅಂತಹ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ, ರಿಟರ್ನ್ ಸಲ್ಲಿಕೆ ಮಾಡದಿರುವುದು ಲೇಸು. ಹಳೆಯ ವರ್ಷಗಳ ಲೆಕ್ಕ ನೋಡಲು, ಅಂತರ್ಜಾಲದ ಸಂಪರ್ಕವಿಲ್ಲದೆ ತೂಕದ ಚೀಟಿ ಬರೆಯಲು ಅದನ್ನು ಉಳಿಸಿಕೊಳ್ಳಬಹುದು. ಆಗಲೂ ಐದಾರು ವರ್ಷ ಓಡಿದ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದು ಉತ್ತಮ.

ಪ್ರತಿ ವರ್ಷ ಆಯುಧಪೂಜೆಯಂದು ಯಂತ್ರ, ತಕ್ಕಡಿ, ಲಾರಿಗಳ ಜೊತೆಗೆ ಗಣಕಯಂತ್ರಕ್ಕೂ ಕುಂಕುಮವಿಟ್ಟು ಹೂವೇರಿಸುವುದು ನಮ್ಮ ರೂಢಿ. ಮೇಲೆ ಹೇಳಿದ ಗಿರಣಿಯ ಮಾಲೀಕರು ಈಗ ಆ ದಿನ ಇನ್ನೊಂದು ಕೆಲಸವನ್ನೂ ಮಾಡುತ್ತಾರೆ. 04, 05, 09, ಸಿ1, ಸಿ5 ಸಾಲುಗಳ ಸಂಖ್ಯೆಗಳನ್ನು ನಗದು ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾಂಕದೊಡನೆ ಬರೆಸುತ್ತಾರೆ; ಪ್ರತಿಯನ್ನು ನನ್ನ ಎದುರಿಗೇ ತೆರೆಸಿ ನೋಡುತ್ತಾರೆ. ಅದಕ್ಕೆ ತಗಲುವುದು ಅರ್ಧ ಗಂಟೆ. ಸದಸ್ಯ ಬಾಂಧವರು ಹಬ್ಬದವರೆಗೆ ಕಾಯದೆ, ಬರುವ ಶನಿವಾರವೇ ಅದನ್ನು ಮೊದಲ ಬಾರಿ ಮಾಡಬೇಕೆಂದು ಕೋರುತ್ತೇನೆ.