ಬೆಟ್ಟ ಹತ್ತೋದು ಇಂಜಿನ್ ಕೆಲಸ, ಇಳಿಯೋದು ಬ್ರೇಕ್ ಕೆಲಸ!

ಹತ್ತುವಾಗಲೂ ಉಘೇ ಮಾದಪ್ಪ, ಇಳಿಯುವಾಗಲೂ ಉಘೇ ಮಾದಪ್ಪ. ಆದರೆ ಎರಡನೇ ಉಘೇ ಸ್ವಲ್ಪ ಜೋರಾಗಿ ಬಂತು ಅಂದರೆ ಡ್ರೈವರ್ ಕಾಲಿನ ಕಡೆ ಒಮ್ಮೆ ನೋಡಿ. ಬ್ರೇಕ್ ಪೆಡಲ್ ನೆಲ ಮುಟ್ಟಿರಬಹುದು!

ಹನೂರು, ಕೌದಳ್ಳಿ ದಾಟಿ ತಾಳುಬೆಟ್ಟಕ್ಕೆ ಬಂದ ಮೇಲೆ ಮಲೆ ಮಹದೇಶ್ವರ ಬೆಟ್ಟದ ರಸ್ತೆ ಸುತ್ತಿ ಸುತ್ತಿ ಏರುತ್ತೆ. ಅತ್ತ ಯಳಂದೂರಿನಿಂದ ಗುಂಬಳ್ಳಿ ಮೇಲೆ ಹೋದರೆ ಬಿಳಿಗಿರಿರಂಗನ ಬೆಟ್ಟ, ಅಲ್ಲೂ ಅದೇ ಕಥೆ. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿ ಬಂತೆಂದರೆ ಹೊಸ ಕಾರುಗಳ ಸಾಲಿನ ನಡುವೆ ಒಂದು ಅಂಬಾಸಿಡರ್ರೋ, ಒಂದು ಪದ್ಮಿನಿಯೋ ಏದುಸಿರು ಬಿಡುತ್ತಾ ಬಂದೇ ಬರುತ್ತೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಯಿತು. ಗಾಡಿ ನಿಂತಿಲ್ಲ. ಅಪ್ಪ ಕೊಂಡಿದ್ದು ಅನ್ನೋ ಮಮತೆ, ಮಾರಿದರೆ ಗುಜರಿ ರೇಟು ಅನ್ನೋ ಲೆಕ್ಕ, ಎರಡೂ ಸೇರಿ ಓಡಿಸುತ್ತಿವೆ.

ಪೇಂಟಿಗೆ ಸಾವಿರಗಟ್ಟಲೆ ಸುರಿಯುವ ಯಜಮಾನರು ಮುಂದಿನ ಬ್ರೇಕ್ ಬಿಚ್ಚಿಸಿ ನೋಡಿ ಎಷ್ಟು ವರ್ಷವಾಯ್ತು ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಬ್ರೇಕ್ ಹೊರಗೆ ಕಾಣಲ್ವಲ್ಲ!

ಲೆಕ್ಕ ಕೇಳಿ. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಗಾಡಿ ಬ್ರೇಕಿನ ಮೇಲೇ 1,000 ಅಡಿ ಇಳಿದರೆ ಹುಟ್ಟುವ ಶಾಖದಲ್ಲಿ ಸುಮಾರು 14 ಲೀಟರ್ ತಣ್ಣೀರು, ಅಂದರೆ ಹೆಚ್ಚುಕಡಿಮೆ ಒಂದು ಕೊಡ ನೀರು, ಕುದಿ ಬಂದುಬಿಡುತ್ತೆ. ಇದೆಲ್ಲ ನಾಲ್ಕು ಡ್ರಮ್ಮಿನೊಳಗೆ. ಅದರಲ್ಲೂ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಪಾಲು ಮುಂದಿನ ಎರಡಕ್ಕೆ. ಕಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತೆ, ಲೈನಿಂಗ್ ಸುಟ್ಟು ಗಾಜಿನಂತೆ ನುಣುಪಾಗುತ್ತೆ. ತುಳಿದಷ್ಟೂ ಜಾರುತ್ತೆ.

ಅಂಬಾಸಿಡರ್ ಮುಂದಿನ ಒಂದೊಂದು ಡ್ರಮ್ಮಿಗೂ ಎರಡೆರಡು ವೀಲ್ ಸಿಲಿಂಡರ್. ಮುಂದಕ್ಕೆ ಹೋಗುವಾಗ ಒಳ್ಳೇ ಹಿಡಿತ. ಏರಿನಲ್ಲಿ ಹಿಂದಕ್ಕೆ ಜಾರಿದರೆ ಅಷ್ಟು ಹಿಡಿತ ಇಲ್ಲ. ರಿಪೇರಿ ಅಂದರೆ ನಾಲ್ಕಕ್ಕೂ ರಬ್ಬರ್ ಕಿಟ್ ಹಾಕಬೇಕು. ಸಿಲಿಂಡರ್ ಒಳಗೆ ತುಕ್ಕು ಗುಳಿ ಬಿದ್ದಿದ್ದರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರ್ರೇ ಬದಲು. ಡ್ರಮ್ ಅಂಡಾಕಾರ ತಿರುಗಿದ್ದರೆ ಲೇತಿಗೆ ಕೊಟ್ಟು ಸಮ ಮಾಡಿಸಬೇಕು. ಹಾಗಂತ ಪ್ರತಿಸಲ ಕೆರೆದು ಕೆರೆದು ತೆಳ್ಳಗೆ ಮಾಡಿದರೆ ಡ್ರಮ್ ಇನ್ನೂ ಬೇಗ ಕಾಯುತ್ತೆ. ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿಕೊಂಡಿರುತ್ತೆ. ಗಾಡಿ ಒಂದೇ ಕಡೆಗೆ ಎಳೆಯೋದು ಎಷ್ಟೋ ಸಲ ಇದರಿಂದಲೇ. ಎಡಗಡೆ ಮಾಡಿಸಿ ಬಲಗಡೆ ಮುಂದಿನ ತಿಂಗಳು ಅನ್ನೋ ಉಳಿತಾಯ ಮಾತ್ರ ಬೇಡ ಸ್ವಾಮಿ, ಎರಡೂ ಒಟ್ಟಿಗೇ ಆಗಬೇಕು. ರಬ್ಬರನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆದರೆ ಊದಿಕೊಂಡು ಹಾಳು.

ಇನ್ನೊಂದು ಮಾತು, ಇದು ಗ್ಯಾರೇಜ್ ಹುಡುಗರಿಗೆ. ಡ್ರಮ್ ಬಿಚ್ಚಿದ ಕೂಡಲೇ ಬಾಯಲ್ಲೋ ಏರ್ ಹಿಡಿದೋ ಧೂಳು ಊದುತ್ತೀರಲ್ಲ, ಹಳೇ ಲೈನಿಂಗಿನಲ್ಲಿ ಕಲ್ನಾರು ಇರುತ್ತೆ. ಅದು ಶ್ವಾಸಕೋಶಕ್ಕೆ ಹೊಕ್ಕರೆ ಹತ್ತಾರು ವರ್ಷದ ಮೇಲೆ ಕ್ಯಾನ್ಸರ್ ಆಗಿ ಬರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಡಿಸ್ಕ್ ಹಾಕಿಸಿಬಿಡೋಣ ಅನ್ನೋರೂ ಇದ್ದಾರೆ. ಬೆಂಗಳೂರು ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಏನಾದರೂ ಸಿಗುತ್ತೆ. ಡಿಸ್ಕ್ ಗಾಳಿಗೆ ತೆರೆದಿರೋದರಿಂದ ಬೇಗ ಆರುತ್ತೆ, ನಿಜ. ಆದರೆ ಚಕ್ರದ ಹತ್ತಿರ ಡಿಸ್ಕ್ ಕೂರಿಸಿ ಮಾಸ್ಟರ್ ಸಿಲಿಂಡರ್ ಹಳೇದೇ ಬಿಟ್ಟರೆ ಫಜೀತಿ. ಡ್ರಮ್ಮಿನ ಮಾಸ್ಟರ್ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುತ್ತೆ. ಅದು ಡಿಸ್ಕಿಗೆ ಹೋದರೆ ಪ್ಯಾಡ್ ಸದಾ ಉಜ್ಜುತ್ತಾ ಇರುತ್ತೆ. ಡಿಸ್ಕಿಗೆ ಕಾಲಿನ ಒತ್ತೂ ಜಾಸ್ತಿ ಬೇಕು, ಬೂಸ್ಟರ್ ಇಲ್ಲದಿದ್ದರೆ ತೊಡೆ ನೋಯುತ್ತೆ. ಹಳೇ ಮಾಸ್ಟರ್ ಒಂದೇ ಲೈನಿನದು, ಎಲ್ಲಿ ಸೋರಿದರೂ ನಾಲ್ಕು ಚಕ್ರವೂ ಖಾಲಿ! ಅಷ್ಟು ದುಡ್ಡು ಹಾಕೋದೇ ಆದರೆ ಎರಡು ಲೈನಿನ ಮಾಸ್ಟರನ್ನೂ ಸೇರಿಸೋದು ಜಾಣತನ. ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. 15 ವರ್ಷ ದಾಟಿದ ಖಾಸಗಿ ಕಾರು ಹೇಗೂ ನೋಂದಣಿ ನವೀಕರಣಕ್ಕೆ ಅಲ್ಲಿಗೆ ಹೋಗಲೇಬೇಕಲ್ಲ.

ಇಷ್ಟೆಲ್ಲ ಖರ್ಚು ಬೇಡವೆಂದರೂ ಆಯಿಲ್ ಒಂದನ್ನಾದರೂ ಬದಲಾಯಿಸಿ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕುದಿಯೋದು 205 ಡಿಗ್ರಿಗೆ. ಅದು ಗಾಳಿಯ ತೇವ ಹೀರುವ ಜಾತಿ. ನೀರು ಸೇರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ. ಆಯಿಲ್ ಅದುಮಿದರೆ ಚಕ್ರಕ್ಕೆ ಒತ್ತು ಹೋಗುತ್ತೆ, ಆವಿ ಅದುಮಿದರೆ ಆವಿಯೇ ಕುಗ್ಗುತ್ತೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಹೊಸದು ತುಂಬಿ, ಗಾಳಿ ತೆಗೆಸಬೇಕು.

ಇಳಿಜಾರಿನಲ್ಲಿ ಹೀಗಾದಾಗ ಹೇಗೋ ಸೆಕೆಂಡ್ ಗೇರ್ ಸಿಕ್ಕಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮರಕ್ಕೋ ಕಲ್ಲಿಗೋ ಒರಗಿಸಿ ನಿಲ್ಲಿಸುತ್ತಾರೆ. ಎಲ್ಲರೂ ಇಳಿದು ಟವೆಲ್‌ನಲ್ಲಿ ಗಾಳಿ ಬೀಸಿಕೊಳ್ಳುತ್ತಾರೆ. ಕೆಲವರು ಡ್ರಮ್ಮಿಗೆ ತಣ್ಣೀರು ಹುಯ್ಯುತ್ತಾರೆ, ಬೀಡು ಕಬ್ಬಿಣ ಬಿರುಕು ಬಿಡಬಹುದು. ಅರ್ಧ ಗಂಟೆ ಬಿಟ್ಟು ತುಳಿದರೆ ಪೆಡಲ್ ಮೊದಲಿನಂತೆ ಗಟ್ಟಿ! "ಸರಿಹೋಯ್ತು, ಹತ್ತಿ" ಅಂತ ಮಕ್ಕಳುಮರಿಯನ್ನೆಲ್ಲ ಮತ್ತೆ ಕೂರಿಸುತ್ತಾರೆ. ಸರಿಹೋಗಿರಲ್ಲ. ಆವಿ ಆರಿ ನೀರಾಗಿ ಅದೇ ಆಯಿಲಿನಲ್ಲಿ ಕೂತಿರುತ್ತೆ, ಕೆಳಗೆ ತಿರುವುಗಳು ಇನ್ನೂ ಬಾಕಿ ಇರುತ್ತವೆ.