ಪಾಚಿಗಟ್ಟಿದ ನೀರು

ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಮಳೆ ವಿರಳವಾದ ಬಯಲುಸೀಮೆಯ ಊರುಗಳು. ಇಲ್ಲಿನ ಜನರಿಗೆ ಬಾವಿ ಕೆರೆಗಳ ನೀರೇ ಬಹುಕಾಲ ಜೀವನಾಧಾರವಾಗಿತ್ತು. ಇಂತಹ ನಾಡಿನಲ್ಲಿ ‘ಪಾಚಿಗಟ್ಟಿದ ಬಾವಿ’ ಎಂಬ ಮಾತು ಬರಿಯ ವರ್ಣನೆಯಲ್ಲ, ಅದೊಂದು ಎಚ್ಚರಿಕೆ.

‘ಪಾಚಿ’ ಮತ್ತು ‘ಕಟ್ಟಿದ’ ಎಂಬ ಎರಡು ಪದಗಳು ಕೂಡಿ ‘ಪಾಚಿಗಟ್ಟಿದ’ ಎಂಬ ವಿಶೇಷಣವಾಗಿದೆ. ‘ಮಳೆ’, ‘ಕಾಲ’ ಸೇರಿ ‘ಮಳೆಗಾಲ’ವಾದಂತೆ ಇಲ್ಲಿಯೂ ಉತ್ತರಪದದ ಮೊದಲ ಕಕಾರಕ್ಕೆ ಗಕಾರವು ಬಂದಿದೆ. ಇದು ಆದೇಶಸಂಧಿ. ನಾಮಪದವು ಕ್ರಿಯೆಯೊಡನೆ ಬೆರೆತಿರುವುದರಿಂದ ಇದು ಕ್ರಿಯಾಸಮಾಸ.

‘ಪಾಚಿ’ ಅಚ್ಚಗನ್ನಡ ಪದ. ಪಚ್ಚೆ, ಪಸುರು ಎಂಬ ಪದಗಳ ಕುಲಕ್ಕೆ ಸೇರಿದುದು. ತಮಿಳಿನ ‘ಪಾಸಿ’, ತೆಲುಗಿನ ‘ಪಾಚಿ’, ಮಲಯಾಳದ ‘ಪಾಯಲ್’ ಇದರ ಒಡಹುಟ್ಟುಗಳು. ಹಳಗನ್ನಡದ ‘ಪಸುರ್’ ಕಾಲಕ್ರಮದಲ್ಲಿ ‘ಹಸುರು’ ಆಯಿತು. ‘ಪಾಚಿ’ಯಾದರೋ ತನ್ನ ಪಕಾರವನ್ನು ಉಳಿಸಿಕೊಂಡಿತು. ಇದೇ ಅರ್ಥದ ‘ಹಾವಸೆ’ ಎಂಬ ಪದವೂ ಉಂಟು. ಕಾಲು ಜಾರಿಸುವ ‘ಹಾವಸೆಗಲ್ಲು’ ವಚನಗಳಲ್ಲಿ ಬರುತ್ತದೆ.

‘ಕಟ್ಟು’ ಎಂದರೆ ಇಲ್ಲಿ ಹಗ್ಗದಿಂದ ಬಿಗಿಯುವುದಲ್ಲ. ಹಾಲು ಕೆನೆಗಟ್ಟುತ್ತದೆ, ಮೊಸರು ಹೆಪ್ಪುಗಟ್ಟುತ್ತದೆ, ತಾಮ್ರ ಕಿಲುಬುಗಟ್ಟುತ್ತದೆ. ಇವುಗಳನ್ನು ಯಾರೂ ಕಟ್ಟುವುದಿಲ್ಲ. ಅಲುಗಾಡದೆ ಇದ್ದಲ್ಲಿ ತಾನಾಗಿಯೇ ಪದರು ಮೂಡುವುದನ್ನು ಈ ಧಾತು ಸೂಚಿಸುತ್ತದೆ.

ಪದದ ಈ ಅರ್ಥವು ಪ್ರಕೃತಿಯ ನಿಯಮಕ್ಕೂ ಹೊಂದುತ್ತದೆ. ನಿಂತ ನೀರಿಗೆ ಬಿಸಿಲು ಬಿದ್ದು, ಕೊಳೆಯಿಂದಲೋ ಹೊಲದ ಗೊಬ್ಬರದಿಂದಲೋ ಸಾರಜನಕ, ರಂಜಕಗಳು ಸೇರಿದರೆ ಪಾಚಿ ಬೇಗನೆ ಹಬ್ಬುತ್ತದೆ. ಅದಕ್ಕೆ ನಿಜವಾದ ಬೇರು, ಕಾಂಡ, ಎಲೆಗಳಿಲ್ಲ. ಆದರೂ ಹಗಲಿನಲ್ಲಿ ಅದು ಆಮ್ಲಜನಕವನ್ನು ನೀಡುತ್ತದೆ. ಮಿತಿಮೀರಿ ಬೆಳೆದು ಸತ್ತು ಕೊಳೆಯುವಾಗ ಮಾತ್ರ ನೀರಿನಲ್ಲಿ ಕರಗಿದ ಆಮ್ಲಜನಕವು ಮುಗಿದು ಮೀನುಗಳು ಸಾಯುತ್ತವೆ. ಕೆಲವು ನೀಲಿಹಸುರು ಪಾಚಿಗಳ ವಿಷವು ಆ ನೀರು ಕುಡಿದ ದನಕರುಗಳಿಗೂ ಮಾರಕ.

ವಿಜಯಪುರ ನಗರದ ತಾಜ್ ಬಾವಡಿಯು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1620ರಲ್ಲಿ, ನಿರ್ಮಾಣಗೊಂಡಿತು. ಶತಮಾನಗಳವರೆಗೆ ಜನರ ದಾಹವನ್ನು ತಣಿಸಿದ ಆ ವಿಶಾಲವಾದ ಬಾವಿಯೂ ಬಳಕೆ ತಪ್ಪಿ, ಕಸ ತುಂಬಿದಾಗ ಮಲಿನವಾಯಿತು, ಹೂಳೆತ್ತಿ ಶುಚಿಗೊಳಿಸಬೇಕಾಯಿತು.

ಹೊಸ ವಿಚಾರಗಳಿಗೆ ಎಡೆಗೊಡದ ಬುದ್ಧಿಯನ್ನೂ ‘ಪಾಚಿಗಟ್ಟಿದ ಬುದ್ಧಿ’ ಎನ್ನುವುದುಂಟು. ನೀರನ್ನು ಸೇದುತ್ತಿರಬೇಕು, ಬುದ್ಧಿಯನ್ನು ಬಳಸುತ್ತಿರಬೇಕು. ಚಲನೆ ನಿಂತಲ್ಲಿ ಪಾಚಿ ತಾನಾಗಿಯೇ ಕಟ್ಟುತ್ತದೆ. ಅದನ್ನು ತೆಗೆಯಲು ಮಾತ್ರ ಮನುಷ್ಯನ ಕೈಯೇ ಬೇಕು.